ಒಂದು ದೇಶ ಹೇಗೆ ಸ್ಥಾಪನೆಯಾಯಿತು: ಇತಿಹಾಸದ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು

ದಾವಣಗೆರೆ, ಚಿತ್ರದುರ್ಗದ ಗ್ರಂಥಾಲಯಗಳಿಂದ ಸ್ವಾತಂತ್ರ್ಯ ಮತ್ತು ಸಂವಿಧಾನ ರಚನೆಯ ಕಾಲದ ಪುಸ್ತಕಗಳನ್ನು ಒಂದರ ಹಿಂದೊಂದರಂತೆ ಒಯ್ದು ಓದುವವರು ಬಹಳ ಮಂದಿ ಇದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವವರು, ಪ್ರೌಢಶಾಲೆಯ ಶಿಕ್ಷಕರು, ನಿವೃತ್ತರು, ಭಾನುವಾರ ಸೇರುವ ಓದುಗರ ಬಳಗದವರು ಎಲ್ಲರೂ ಇದರಲ್ಲಿ ಸೇರಿದ್ದಾರೆ. ಇವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ನಾಲ್ಕು ದಪ್ಪ ಪುಸ್ತಕಗಳನ್ನು ಮುಗಿಸಿದವರನ್ನು, 1948ರಲ್ಲಿ ಭಾರತ ಯಾವ ಕಾನೂನಿನ ಪ್ರಕಾರ ನಡೆಯುತ್ತಿತ್ತು, ಆಗ ದೇಶದ ಮುಖ್ಯಸ್ಥರು ಯಾರಾಗಿದ್ದರು ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಆಗ ದೇಶ ನಡೆಯುತ್ತಿದ್ದುದು 1947ರ ಭಾರತ ಸ್ವಾತಂತ್ರ್ಯ ಕಾಯ್ದೆ ಮತ್ತು ಅಗತ್ಯ ಮಾರ್ಪಾಡು ಮಾಡಿಕೊಂಡ 1935ರ ಭಾರತ ಸರ್ಕಾರ ಕಾಯ್ದೆಯ ಮೇಲೆ. ವಿಧಿವತ್ತಾಗಿ ಮುಖ್ಯಸ್ಥರು ಆರನೆಯ ಜಾರ್ಜ್ ದೊರೆ. ಅವರ ಪರವಾಗಿ 1948ರ ಜೂನ್‌ವರೆಗೆ ಮೌಂಟ್‌ಬ್ಯಾಟನ್, ಅಲ್ಲಿಂದ 1950ರ ಜನವರಿ 26ರವರೆಗೆ ಸಿ. ರಾಜಗೋಪಾಲಾಚಾರಿ ಗವರ್ನರ್ ಜನರಲ್ ಆಗಿದ್ದರು. ಈ ಎರಡೂವರೆ ವರ್ಷಗಳ ಮಧ್ಯಂತರ ಸ್ಥಿತಿ ತಿಳಿಯದಿದ್ದರೆ ಗಣರಾಜ್ಯದ ಸ್ಥಾಪನೆಯೇ ಅರ್ಥವಾಗುವುದಿಲ್ಲ.

ಇದು ಶ್ರದ್ಧೆ ಸಾಲದೆ ಆಗುವ ತೊಂದರೆಯಲ್ಲ, ಓದಿನ ಕ್ರಮದಿಂದ ಆಗುವ ತೊಂದರೆ. ಬಹುತೇಕ ಓದುಗರು ತೀರ್ಪು ಹೇಳುವ ಪುಸ್ತಕದಿಂದ ಆರಂಭಿಸುತ್ತಾರೆ. ಯಾರು ದೊಡ್ಡವರು, ಯಾರದು ತಪ್ಪು ಎಂಬುದು ಮೊದಲೇ ಮನಸ್ಸಿನಲ್ಲಿ ಕುಳಿತರೆ, ಮುಂದೆ ಓದುವುದೆಲ್ಲ ಆ ತೀರ್ಪಿಗೆ ಸಾಕ್ಷಿ ಹುಡುಕುವ ಕೆಲಸವಾಗಿಬಿಡುತ್ತದೆ. ಕೆಳಗಿನ ಹಂತಗಳಲ್ಲಿ ಕ್ರಮವನ್ನು ತಿರುಗಿಸಲಾಗಿದೆ: ಮೊದಲು ದಿನಾಂಕ, ಆಮೇಲೆ ನಕ್ಷೆ, ಆಮೇಲೆ ಮೂಲ ಪಠ್ಯ, ಆಮೇಲೆ ಕಲಾಪ, ಅದಾದ ನಂತರವೇ ಇತಿಹಾಸಕಾರರ ಪುಸ್ತಕ. ದಿನಕ್ಕೆ ಒಂದು ಗಂಟೆ ಕೊಡಬಲ್ಲವರು ಇದನ್ನು ಮೂರು ತಿಂಗಳ ಕೆಲಸವೆಂದು ಇಟ್ಟುಕೊಳ್ಳಬಹುದು.

ಮೊದಲು ಸಿದ್ಧಮಾಡಿಕೊಳ್ಳಬೇಕಾದ ಸಾಮಗ್ರಿ

ಉದ್ದನೆಯ ರೂಲು ಪುಸ್ತಕ ಒಂದು, ಪೆನ್ಸಿಲ್, ಎರಡು ಬಣ್ಣದ ಪೆನ್ನು. 1947ಕ್ಕೆ ಮುಂಚಿನ ಪ್ರಾಂತಗಳನ್ನೂ ದೇಶೀಯ ಸಂಸ್ಥಾನಗಳನ್ನೂ ಬೇರೆಬೇರೆ ಬಣ್ಣದಲ್ಲಿ ತೋರಿಸುವ ಭಾರತದ ನಕ್ಷೆ. ಅಡಿಟಿಪ್ಪಣಿಗಳಿರುವ ಭಾರತ ಸಂವಿಧಾನದ ಪ್ರತಿ. ಸಂವಿಧಾನದ ಕನ್ನಡ ಆವೃತ್ತಿ ಸಿಗುತ್ತದೆ, ಆದರೆ ಯಾವ ತಿದ್ದುಪಡಿಯಿಂದ ಯಾವ ಪದ ಬಂತು ಎಂದು ಪುಟದ ಕೆಳಗೆ ಸೂಚಿಸಿರುವ ಪ್ರತಿಯೇ ಬೇಕು. ಪರೀಕ್ಷೆಯ ಗೈಡುಗಳಲ್ಲಿ ಈ ಅಡಿಟಿಪ್ಪಣಿಗಳನ್ನು ತೆಗೆದುಹಾಕಿರುವುದರಿಂದ ಅವು ಈ ಕೆಲಸಕ್ಕೆ ಬಾರವು.

ಇದರ ಜೊತೆಗೆ ಸಂವಿಧಾನ ರಚನಾ ಸಭೆಯ ಕಲಾಪಗಳ ಸಂಪುಟಗಳು ಬೇಕು. ಒಟ್ಟು 12 ಸಂಪುಟಗಳಲ್ಲಿರುವ ಇವನ್ನು ಅಂತರ್ಜಾಲದಲ್ಲಿ ಹಣ ಕೊಡದೆ ಓದಬಹುದು. ಇಂಗ್ಲಿಷಿನಲ್ಲಿವೆ ಎಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಎಲ್ಲವನ್ನೂ ಓದಬೇಕಾಗಿಯೂ ಇಲ್ಲ, ಎಂಟು ಹತ್ತು ದಿನಗಳ ಕಲಾಪ ಸಾಕು. ಬಳಗದಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರೊಬ್ಬರು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಏಕೆಂದರೆ ಅರ್ಥವಾಗದ ಕಡೆ ಕೇಳುಗರು ತಡೆದು ನಿಲ್ಲಿಸುತ್ತಾರೆ.

ಹಂತ 1: ಪುಸ್ತಕ ತೆರೆಯುವ ಮೊದಲು ಪ್ರಶ್ನೆ ಬರೆಯುವುದು

ರೂಲು ಪುಸ್ತಕದ ಮೊದಲ ಪುಟದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆಯಿರಿ. ಆ ದಿನ ತೀರ್ಮಾನಿಸುವ ಅಧಿಕಾರ ಯಾರಿಗಿತ್ತು? ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು? ತೀರ್ಮಾನವಾಗುವಾಗ ಅಲ್ಲಿ ಯಾರು ಇರಲಿಲ್ಲ? ಹಳೆಯ ವ್ಯವಸ್ಥೆಯಲ್ಲಿ ಯಾವುದನ್ನು ಉಳಿಸಿಕೊಳ್ಳಲಾಯಿತು?

ಮೂರನೆಯ ಪ್ರಶ್ನೆಯನ್ನು ಓದುಗರು ಬಹುಬೇಗ ಮರೆಯುತ್ತಾರೆ. 1946ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆ ಮೊದಲ ಸಲ ಸೇರಿದಾಗ ಮುಸ್ಲಿಂ ಲೀಗಿನ ಸದಸ್ಯರು ಬಹಿಷ್ಕರಿಸಿದ್ದರು. ಮೈಸೂರಿನಂತಹ ಸಂಸ್ಥಾನಗಳ ಪ್ರತಿನಿಧಿಗಳೂ ಅಂದು ಅಲ್ಲಿರಲಿಲ್ಲ. ಸಂಸ್ಥಾನಗಳವರು ಬರಲಾರಂಭಿಸಿದ್ದು 1947ರ ಏಪ್ರಿಲ್ ಕೊನೆಯಿಂದ. ಹಾಜರಿದ್ದ ಸದಸ್ಯರನ್ನು ಜನರು ನೇರವಾಗಿ ಆರಿಸಿರಲಿಲ್ಲ. ಪ್ರಾಂತಗಳ ಶಾಸನಸಭೆಗಳು ಆರಿಸಿದ್ದವು. ಆ ಶಾಸನಸಭೆಗಳಿಗೆ ಮತ ಹಾಕುವ ಹಕ್ಕೂ ಆಸ್ತಿ, ತೆರಿಗೆ, ವಿದ್ಯೆ ಮೊದಲಾದ ಅರ್ಹತೆಯುಳ್ಳವರಿಗೆ ಮಾತ್ರ ಇತ್ತು. ಅಂತಹ ಸಭೆ ವಯಸ್ಕರೆಲ್ಲರಿಗೂ ಮತದ ಹಕ್ಕು ಕೊಡುವ ವಿಧಿಯನ್ನು ಬರೆಯಿತು ಎಂಬುದನ್ನು ಓದುವಾಗ ಈ ಹಿನ್ನೆಲೆ ಗೊತ್ತಿದ್ದರೆ ಮಾತ್ರ ಅದರ ತೂಕ ತಿಳಿಯುತ್ತದೆ.

ಹಂತ 2: ಕಾಲಪಟ್ಟಿ ಬರೆಯುವುದು

ಇದಕ್ಕೆ ಒಂದು ವಾರ ಸಾಕು. ಯಾವುದಾದರೂ ಪಠ್ಯಪುಸ್ತಕದಿಂದ ದಿನಾಂಕಗಳನ್ನು ತೆಗೆದುಕೊಂಡು ಪುಟದ ಎಡಗಡೆ ಬರೆಯಿರಿ, ಬಲಗಡೆ ಖಾಲಿ ಬಿಡಿ. ಮುಂದಿನ ಹಂತಗಳಲ್ಲಿ ಓದಿದ್ದೆಲ್ಲ ಬಲಗಡೆಗೆ ಸೇರುತ್ತದೆ.

ಪಟ್ಟಿಯಲ್ಲಿ ಕನಿಷ್ಠ ಇಷ್ಟಾದರೂ ಇರಬೇಕು. 1946ರಲ್ಲಿ ಕ್ಯಾಬಿನೆಟ್ ಮಿಷನ್ (ಅಧಿಕಾರ ಹಸ್ತಾಂತರದ ಮಾತುಕತೆಗೆ ಬಂದ ಬ್ರಿಟಿಷ್ ಮಂತ್ರಿಗಳ ನಿಯೋಗ) ಯೋಜನೆ, ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆಯ ಮೊದಲ ಅಧಿವೇಶನ, ಡಿಸೆಂಬರ್ 13ರಂದು ನೆಹರೂ ಅವರಿಂದ, ಸಂವಿಧಾನದ ಗುರಿಗಳನ್ನು ಸಾರುವ ಧ್ಯೇಯ ನಿರ್ಣಯದ ಮಂಡನೆ. 1947ರಲ್ಲಿ ಜನವರಿ 22ರಂದು ಆ ನಿರ್ಣಯದ ಅಂಗೀಕಾರ, 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುವುದಾಗಿ ಬ್ರಿಟಿಷ್ ಪ್ರಧಾನಿ ಆಟ್ಲಿ ಘೋಷಿಸಿದ ಫೆಬ್ರವರಿ 20, ವಿಭಜನೆಯ ಯೋಜನೆ ಹೊರಬಿದ್ದ ಜೂನ್ 3, ಸ್ವಾತಂತ್ರ್ಯ ಕಾಯ್ದೆಗೆ ದೊರೆಯ ಒಪ್ಪಿಗೆ ಸಿಕ್ಕ ಜುಲೈ 18, ಆಗಸ್ಟ್ 15, ಕರಡು ಸಮಿತಿ ನೇಮಕವಾದ ಆಗಸ್ಟ್ 29. ಹೈದರಾಬಾದಿನ ನಿಜಾಮರ ಆಡಳಿತ ಕೊನೆಗೊಂಡ 1948ರ ಸೆಪ್ಟೆಂಬರ್ 17, ಕರಡು ಸಂವಿಧಾನ ಸಭೆಯ ಮುಂದೆ ಬಂದ ನವೆಂಬರ್ 4. ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26, ಸದಸ್ಯರು ಸಹಿ ಹಾಕಿದ 1950ರ ಜನವರಿ 24, ಜಾರಿಗೆ ಬಂದ ಜನವರಿ 26. ಪಟ್ಟಿಯನ್ನು ಅಲ್ಲಿಗೆ ನಿಲ್ಲಿಸದೆ, ಮೊದಲ ತಿದ್ದುಪಡಿಯಾದ 1951ರ ಜೂನ್, ಮೊದಲ ಸಾರ್ವತ್ರಿಕ ಚುನಾವಣೆ ನಡೆದ 1951–52, ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರವರೆಗೂ ಒಯ್ಯಿರಿ.

ದಿನಾಂಕಗಳು ಹೀಗೆ ಒಂದರ ಕೆಳಗೊಂದು ಬಂದಾಗ ಕೆಲವು ಸಂಗತಿಗಳು ತಾವಾಗಿಯೇ ಕಾಣುತ್ತವೆ. ಜೂನ್ 3ಕ್ಕೂ ಆಗಸ್ಟ್ 15ಕ್ಕೂ ನಡುವೆ ಇರುವುದು ಹತ್ತೇ ವಾರ. ಭಾರತ ಮತ್ತು ಪಾಕಿಸ್ತಾನದ ಗಡಿರೇಖೆಯನ್ನು ಪ್ರಕಟಿಸಿದ್ದು ಆಗಸ್ಟ್ 17ರಂದು, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ನಂತರ. ಪಂಜಾಬ್, ಬಂಗಾಳದ ಎಷ್ಟೋ ಹಳ್ಳಿಗಳ ಜನ ತಾವು ಯಾವ ದೇಶದಲ್ಲಿದ್ದೇವೆಂದು ಖಚಿತವಾಗಿ ತಿಳಿಯದೆಯೇ ಆ ಎರಡು ದಿನ ಕಳೆದರು. ಸಂವಿಧಾನದ ಮೊದಲ ತಿದ್ದುಪಡಿ ಮೊದಲ ಸಾರ್ವತ್ರಿಕ ಚುನಾವಣೆಗಿಂತ ಹಿಂದಿನದು. ಸಂವಿಧಾನವನ್ನು ಬರೆದ ಸಭೆಯೇ ಆಗ ತಾತ್ಕಾಲಿಕ ಸಂಸತ್ತಾಗಿ ಕೆಲಸ ಮಾಡುತ್ತಿತ್ತು. ಇವನ್ನು ಯಾವ ಇತಿಹಾಸಕಾರರೂ ಹೇಳಿಕೊಡಬೇಕಾಗಿಲ್ಲ, ಪಟ್ಟಿಯೇ ಹೇಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎಲ್ಲವನ್ನೂ ಆಗಸ್ಟ್ 15ಕ್ಕೆ ಕಟ್ಟಿಹಾಕುವುದು. ಅಂದು ಹುಟ್ಟಿದ್ದು ಸ್ವತಂತ್ರ ಡೊಮಿನಿಯನ್, ಅಂದರೆ ಬ್ರಿಟಿಷ್ ದೊರೆಯನ್ನು ವಿಧಿವತ್ತಾದ ಮುಖ್ಯಸ್ಥರನ್ನಾಗಿ ಉಳಿಸಿಕೊಂಡು ತನ್ನನ್ನು ತಾನೇ ಆಳಿಕೊಳ್ಳುವ ದೇಶ. ಗಣರಾಜ್ಯವಾದದ್ದು 1950ರ ಜನವರಿ 26ರಂದು. ಪೌರತ್ವ, ಚುನಾವಣೆ ಮೊದಲಾದವಕ್ಕೆ ಸಂಬಂಧಿಸಿದ ಕೆಲವು ವಿಧಿಗಳು ಮಾತ್ರ 1949ರ ನವೆಂಬರ್ 26ರಂದೇ ಜಾರಿಗೆ ಬಂದಿದ್ದವು.

ಹಂತ 3: ನಕ್ಷೆಯ ಮೇಲೆ ನಿಮ್ಮ ಊರನ್ನು ಇಡುವುದು

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಇದರಿಂದ ಸಿಗುವಷ್ಟು ತಿಳಿವಳಿಕೆ ಬೇರೆ ಯಾವ ಹಂತದಲ್ಲೂ ಸಿಗಲಾರದು ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ನಕ್ಷೆಯನ್ನು ಬಿಡಿಸಿ ತುಂಗಭದ್ರೆಯ ಉದ್ದಕ್ಕೂ ಬೆರಳಾಡಿಸಿ. ಹರಿಹರ, ದಾವಣಗೆರೆ, ಜಗಳೂರು, ಚಿತ್ರದುರ್ಗ ಎಲ್ಲವೂ ಮೈಸೂರು ಸಂಸ್ಥಾನದಲ್ಲಿದ್ದವು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹರಿಹರದಿಂದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಉತ್ತರಕ್ಕಿರುವ ಹರಪನಹಳ್ಳಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಂದು ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಈ ಊರುಗಳು ಮೂರು ಬೇರೆಬೇರೆ ಆಡಳಿತಗಳ ಕೆಳಗಿದ್ದವು.

ಈಗ ನಕ್ಷೆಯ ಪಕ್ಕದಲ್ಲಿ ಕಾಲಪಟ್ಟಿಯನ್ನು ಇಟ್ಟುಕೊಳ್ಳಿ. 1947ರ ಆಗಸ್ಟ್ 15ರಂದು ರಾಣೆಬೆನ್ನೂರಿನಲ್ಲೂ ಹರಪನಹಳ್ಳಿಯಲ್ಲೂ ಬ್ರಿಟಿಷ್ ಆಳ್ವಿಕೆ ಮುಗಿಯಿತು. 1946ರಲ್ಲಿ ಚುನಾಯಿತವಾದ ಪ್ರಾಂತೀಯ ಮಂತ್ರಿಮಂಡಲಗಳು ಅಲ್ಲಿ ಆಗಲೇ ಅಧಿಕಾರದಲ್ಲಿದ್ದವು. ಹೊಳೆಯ ಈಚೆ ದಡದ ಹರಿಹರದಲ್ಲಿ ಮಹಾರಾಜ ಜಯಚಾಮರಾಜ ಒಡೆಯರ್ ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಅವರ ಆಡಳಿತ ಮುಂದುವರಿಯಿತು. ಮಹಾರಾಜರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ಆದರೆ ಆ ಪತ್ರದ ಪ್ರಕಾರ ಭಾರತಕ್ಕೆ ಬಿಟ್ಟುಕೊಟ್ಟಿದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ. ಆದ್ದರಿಂದಲೇ ಸ್ವಾತಂತ್ರ್ಯ ಬಂದ ಮೇಲೆ, ಸೆಪ್ಟೆಂಬರಿನಲ್ಲಿ, ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು. ಕೆ.ಸಿ. ರೆಡ್ಡಿ ಅವರ ನೇತೃತ್ವದ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ನಮ್ಮ ತಾತ, ಮುತ್ತಾತಂದಿರು ಸ್ವಾತಂತ್ರ್ಯಕ್ಕಾಗಿ ಎರಡು ಸಲ ಹೋರಾಡಬೇಕಾಯಿತು ಎಂಬುದು ದೆಹಲಿಯನ್ನೇ ನೋಡುತ್ತಾ ಬರೆದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಮುಂದಿನ ದಿನಾಂಕಗಳನ್ನೂ ನಕ್ಷೆಯ ಮೇಲೆ ಗುರುತಿಸಿ. ಮೈಸೂರು ಭಾರತದ ಸಂವಿಧಾನವನ್ನು ತನ್ನದೆಂದು ಒಪ್ಪಿಕೊಂಡದ್ದು 1949ರ ನವೆಂಬರಿನಲ್ಲಿ. 1950ರಿಂದ ಅದು ಹಿಂದಿನ ಸಂಸ್ಥಾನಗಳಿಗೆ ಮೀಸಲಾದ ಭಾಗ-ಬಿ ವರ್ಗದ ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರ ಸ್ಥಾನದ ಮುಖ್ಯಸ್ಥರಾದರು. ಹರಪನಹಳ್ಳಿ ಸೇರಿದಂತೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದದ್ದು ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದು. ರಾಣೆಬೆನ್ನೂರು ಬಂದದ್ದು 1956ರ ನವೆಂಬರ್ 1ರಂದು. ಎಸ್. ನಿಜಲಿಂಗಪ್ಪ ಅವರ ಜೀವನವನ್ನು ಈ ನಕ್ಷೆಯ ಮೇಲೆ ಬರೆದು ನೋಡುವುದು ಒಳ್ಳೆಯ ಅಭ್ಯಾಸ. ಹುಟ್ಟಿದ್ದು ಮದ್ರಾಸ್ ಪ್ರಾಂತದ ಹಲುವಾಗಲಿನಲ್ಲಿ, ವಕೀಲಿ ಮಾಡಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ, ಸದಸ್ಯರಾಗಿ ಕುಳಿತದ್ದು ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದದ್ದು 1956ರ ನವೆಂಬರ್ 1ರಂದು. ಗಡಿಗಳು ಬದಲಾದ ಕ್ರಮವನ್ನು ಈ ಒಬ್ಬರ ಬದುಕೇ ತೋರಿಸಿಕೊಡುತ್ತದೆ.

ಹಂತ 4: ಸಂವಿಧಾನವನ್ನು 1950ರ ರೂಪದಲ್ಲಿ ಓದುವುದು

ಕೈಯಲ್ಲಿರುವ ಪ್ರತಿ ಇಂದಿನ ಸಂವಿಧಾನದ್ದು. ಸ್ಥಾಪನೆಯ ಕಾಲವನ್ನು ತಿಳಿಯಬೇಕಾದವರು ಅದನ್ನು ಹಿಂದಕ್ಕೆ ಒಯ್ದು ಓದಬೇಕು. ಅಡಿಟಿಪ್ಪಣಿಗಳ ಸಹಾಯದಿಂದ, 1950ರ ನಂತರ ಸೇರಿದ ಪದಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ತೆಗೆದುಹಾಕಿದವುಗಳನ್ನು ಅಂಚಿನಲ್ಲಿ ಬರೆಯಿರಿ. ಮೂಲದಲ್ಲಿ 395 ವಿಧಿಗಳು, 8 ಅನುಸೂಚಿಗಳು ಇದ್ದವು.

ಪ್ರಸ್ತಾವನೆಯಿಂದಲೇ ಆರಂಭಿಸಿ. ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳೂ ದೇಶದ ಅಖಂಡತೆಯನ್ನು ಹೇಳುವ ಪದವೂ ಅದಕ್ಕೆ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಹಾಗೆಂದು ಸಂವಿಧಾನ ರಚನಾ ಸಭೆ ಆ ವಿಚಾರಗಳನ್ನೇ ಯೋಚಿಸಿರಲಿಲ್ಲ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. 1948ರ ನವೆಂಬರ್ 15ರಂದು ಸಭೆಯ ಸದಸ್ಯ ಕೆ.ಟಿ. ಷಾ ಅವರು ಮೊದಲನೆಯ ವಿಧಿಗೇ ‘ಜಾತ್ಯತೀತ, ಸಂಯುಕ್ತ, ಸಮಾಜವಾದಿ’ ಎಂದು ಸೇರಿಸಬೇಕೆಂಬ ತಿದ್ದುಪಡಿಯನ್ನು ಮಂಡಿಸಿದರು. ಸಮಾಜದ ಆರ್ಥಿಕ ವ್ಯವಸ್ಥೆಯನ್ನು ಮುಂದಿನ ಜನರೇ ತೀರ್ಮಾನಿಸಲಿ, ಅದನ್ನು ಸಂವಿಧಾನದಲ್ಲಿ ಕಟ್ಟಿಹಾಕಬಾರದು ಎಂದು ಅಂಬೇಡ್ಕರ್ ಅದನ್ನು ವಿರೋಧಿಸಿದರು. ಅದು ಬಿದ್ದುಹೋಯಿತು. ಒಂದು ಪದ ಪಠ್ಯದಲ್ಲಿಲ್ಲ ಎಂಬುದು ಬೇರೆ, ಅದರ ಬಗ್ಗೆ ಚರ್ಚೆಯಾಗಿ ಬೇಡವೆಂದದ್ದು ಬೇರೆ, ಬೇಡವೆಂದದ್ದು ಯಾವ ಕಾರಣಕ್ಕೆ ಎಂಬುದು ಇನ್ನೂ ಬೇರೆ. ಪಠ್ಯವನ್ನಷ್ಟೇ ಓದಿದವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ.

ಎಲ್ಲ 395 ವಿಧಿಗಳನ್ನು ಓದಲು ಹೊರಟವರು ನೂರರ ಹತ್ತಿರ ದಣಿದು ಬಿಟ್ಟುಬಿಡುತ್ತಾರೆ. ಪ್ರಸ್ತಾವನೆ, 1ರಿಂದ 51ರವರೆಗಿನ ವಿಧಿಗಳು, ಮತದ ಹಕ್ಕಿನ 326, ತಿದ್ದುಪಡಿಯ 368, ಹಾಗೂ 7ನೇ ಅನುಸೂಚಿಯಲ್ಲಿರುವ ಅಧಿಕಾರ ಹಂಚಿಕೆಯ ಪಟ್ಟಿಗಳು ಈ ಹಂತಕ್ಕೆ ಸಾಕು. ಆಸ್ತಿಯ ಹಕ್ಕಿಗೆ ಸಂಬಂಧಿಸಿದ 31ನೇ ವಿಧಿ ನಿಮ್ಮ ಪ್ರತಿಯಲ್ಲಿ ಇರುವುದಿಲ್ಲ. 1978ರ 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆ ಖಾಲಿ ಜಾಗವನ್ನು ಗುರುತು ಹಾಕಿಕೊಳ್ಳಿ, ಏಕೆಂದರೆ ಜಮೀನ್ದಾರಿ ರದ್ದತಿ ಮತ್ತು ಭೂಸುಧಾರಣೆಯ ಅಧ್ಯಾಯ ಬಂದಾಗ ಅದು ಬೇಕಾಗುತ್ತದೆ.

ಹಂತ 5: ಒಂದು ವಿಧಿಯನ್ನು ಹಿಡಿದು ಕಲಾಪದೊಳಗೆ ಇಳಿಯುವುದು

ಕಲಾಪದ ಸಂಪುಟಗಳನ್ನು ಮೊದಲ ಪುಟದಿಂದ ಓದಬಾರದು. ಒಂದು ವಿಧಿಯನ್ನು ಆರಿಸಿಕೊಂಡು ಅದರ ಜಾಡನ್ನು ಹಿಡಿಯಬೇಕು. ಆರಂಭಕ್ಕೆ ಅಸ್ಪೃಶ್ಯತೆಯನ್ನು ರದ್ದುಪಡಿಸುವ 17ನೇ ವಿಧಿ ಅತ್ಯಂತ ಸೂಕ್ತ.

ಕರಡಿನಲ್ಲಿ ಅದರ ಸಂಖ್ಯೆ 11 ಆಗಿತ್ತು. ಓದುಗರು ಇಲ್ಲಿಯೇ ದಾರಿ ತಪ್ಪುತ್ತಾರೆ. ಅಂತಿಮ ಪಠ್ಯದ ಸಂಖ್ಯೆ ಹಿಡಿದು ಕಲಾಪದಲ್ಲಿ ಹುಡುಕಿದರೆ ಬೇರೆ ಯಾವುದೋ ವಿಧಿಯ ಚರ್ಚೆ ಸಿಗುತ್ತದೆ. ಆದ್ದರಿಂದ ಮೊದಲು ಕರಡಿನ ಸಂಖ್ಯೆಯನ್ನು ಪತ್ತೆ ಮಾಡಿಕೊಂಡು, ಆಮೇಲೆ ದಿನಾಂಕಕ್ಕೆ ಹೋಗಬೇಕು. ಈ ವಿಧಿಯ ಚರ್ಚೆ 1948ರ ನವೆಂಬರ್ 29ರದು, 7ನೇ ಸಂಪುಟದಲ್ಲಿದೆ.

ಅಂದಿನ ಪುಟಗಳನ್ನು ನಿಧಾನವಾಗಿ ಓದಿ. ಧರ್ಮ ಅಥವಾ ಜಾತಿಯ ಕಾರಣದಿಂದ ಯಾರನ್ನೂ ಅಸ್ಪೃಶ್ಯರೆಂದು ನಡೆಸಿಕೊಳ್ಳಬಾರದು ಎಂದು ಬದಲಿಸಬೇಕೆಂದು ನಜೀರುದ್ದೀನ್ ಅಹ್ಮದ್ ತಿದ್ದುಪಡಿ ತಂದರು. ವಿ.ಐ. ಮುನಿಸ್ವಾಮಿ ಪಿಳ್ಳೆ, ಮನಮೋಹನ ದಾಸ್ ಮೊದಲಾದವರು ವಿಧಿಯನ್ನು ಸ್ವಾಗತಿಸಿ ಮಾತನಾಡಿದರು. ಅಸ್ಪೃಶ್ಯತೆ ಎಂದರೇನು ಎಂಬ ವ್ಯಾಖ್ಯಾನವೇ ಇಲ್ಲವಲ್ಲ ಎಂದು ಕೆ.ಟಿ. ಷಾ ಎತ್ತಿ ತೋರಿಸಿದರು. ತಿದ್ದುಪಡಿ ಬಿದ್ದು, ಮೂಲ ರೂಪವೇ ಅಂಗೀಕಾರವಾಯಿತು. ವ್ಯಾಖ್ಯಾನ ಇಂದಿಗೂ ಸಂವಿಧಾನದಲ್ಲಿಲ್ಲ. ಅಲ್ಲಿಂದ ಮುಂದೆ ಬಂದು, ಅದನ್ನು ಶಿಕ್ಷಾರ್ಹಗೊಳಿಸಿದ 1955ರ ಕಾಯ್ದೆಯನ್ನು ಕಾಲಪಟ್ಟಿಗೆ ಸೇರಿಸಿ. ಸಂವಿಧಾನ ಜಾರಿಯಾಗಿ ಐದು ವರ್ಷಗಳ ಮೇಲೆ ಬಂದ ಕಾಯ್ದೆ ಅದು. ಆ ಐದು ವರ್ಷ ನಿಮ್ಮ ತಾಲ್ಲೂಕಿನ ಬಾವಿ, ಹೋಟೆಲು, ದೇವಸ್ಥಾನಗಳಲ್ಲಿ ಏನು ನಡೆಯುತ್ತಿತ್ತು ಎಂಬ ಪ್ರಶ್ನೆಯನ್ನು ಬಲಗಡೆಯ ಖಾಲಿ ಜಾಗದಲ್ಲಿ ಬರೆದಿಡಿ. 7ನೇ ಹಂತದಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಒಂದು ವಿಧಿ ಮುಗಿದ ಮೇಲೆ ಇನ್ನು ಕೆಲವು ದಿನಗಳ ಕಲಾಪವನ್ನು ಓದಿ: ಧ್ಯೇಯ ನಿರ್ಣಯದ 1946ರ ಡಿಸೆಂಬರ್ 13, ಕರಡನ್ನು ಮಂಡಿಸುತ್ತಾ ಅಂಬೇಡ್ಕರ್ ಹಳ್ಳಿಗಳ ಬಗ್ಗೆ ಕಟುವಾಗಿ ಮಾತನಾಡಿದ 1948ರ ನವೆಂಬರ್ 4, ಅದಕ್ಕೆ ಸಿಕ್ಕ ಉತ್ತರಗಳು, ಗ್ರಾಮ ಪಂಚಾಯಿತಿಯ ವಿಧಿ ಸೇರ್ಪಡೆಯಾದ ನವೆಂಬರ್ 22, ಭಾಷೆಯ ಪ್ರಶ್ನೆ ತೀರ್ಮಾನವಾದ 1949ರ ಸೆಪ್ಟೆಂಬರ್ 12ರಿಂದ 14. ಅಂಬೇಡ್ಕರ್ ಅವರ 1949ರ ನವೆಂಬರ್ 25ರ ಭಾಷಣವನ್ನು ಕೊನೆಗೆ ಇಟ್ಟುಕೊಳ್ಳಿ. ಬಹಳ ಮಂದಿ ಅದೊಂದನ್ನೇ ಓದಿ ನಿಲ್ಲಿಸುತ್ತಾರೆ. ಮಹತ್ವದ ಭಾಷಣವೇ ಹೌದು, ಆದರೆ ಮೂರು ವರ್ಷಗಳ ವಾದವಿವಾದ ಮುಗಿದ ಮೇಲಿನ ಮಾತು ಅದು. ಆ ವಾದಗಳನ್ನು ತಿಳಿಯದವರಿಗೆ ಅದರಲ್ಲಿನ ಆತಂಕದ ಆಳ ತಿಳಿಯುವುದಿಲ್ಲ.

ಒಪ್ಪದವರ ಮಾತನ್ನು ಹುಡುಕಿ ಓದುವುದು ಈ ಹಂತದ ಮುಖ್ಯ ಭಾಗ. ನಮಗೆ ಬೇಕಾಗಿದ್ದುದು ವೀಣೆ, ಸಿತಾರದ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದು ಮೈಸೂರಿನಿಂದ ಹೋಗಿದ್ದ ಕೆ. ಹನುಮಂತಯ್ಯ ಸಭೆಯಲ್ಲಿಯೇ ಹೇಳಿದರು. ಅದೇ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಕರಡು ಸಮಿತಿಯಲ್ಲಿದ್ದರು. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635, ಸಭೆಯಲ್ಲಿ ನಿಜವಾಗಿ ಮಂಡನೆಯಾದವು 2,473. ಎಲ್ಲರೂ ಒಂದೇ ಮನಸ್ಸಿನಿಂದ ಕುಳಿತು ಬರೆದರು ಎಂಬ ಚಿತ್ರವೂ, ಒಬ್ಬರೇ ಬರೆದರು ಎಂಬ ಚಿತ್ರವೂ ಈ ಪುಟಗಳ ಮುಂದೆ ನಿಲ್ಲುವುದಿಲ್ಲ. ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರ್ ಆ ತಿದ್ದುಪಡಿಗಳಿಗೆ ದಿನದಿನವೂ ಎದ್ದು ನಿಂತು ಉತ್ತರಿಸಿದ ಶ್ರಮವೂ ಈ ಪುಟಗಳಲ್ಲಿಯೇ ಕಾಣುತ್ತದೆ.

ಹಂತ 6: ಈಗ ಇತಿಹಾಸಕಾರರ ಪುಸ್ತಕ

ಇಲ್ಲಿಯವರೆಗೆ ಬಂದವರು ಎರಡು ಪುಸ್ತಕಗಳನ್ನು ಆರಿಸಿಕೊಳ್ಳಬಹುದು. ಒಂದನ್ನೊಂದು ಒಪ್ಪದ ಎರಡು ಪುಸ್ತಕಗಳಾಗಿದ್ದರೆ ಒಳ್ಳೆಯದು. ಮುನ್ನುಡಿ ಮತ್ತು ಕೊನೆಯ ಅಧ್ಯಾಯವನ್ನು ಮೊದಲು ಓದಿ, ಲೇಖಕರು ಏನನ್ನು ಸಾಧಿಸಲು ಹೊರಟಿದ್ದಾರೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ನಡುವಿನ ಅಧ್ಯಾಯಗಳನ್ನು ಕಾಲಪಟ್ಟಿಯ ಪಕ್ಕದಲ್ಲಿಟ್ಟು ಓದಿ. ಲೇಖಕರು ನಿಮ್ಮ ಪಟ್ಟಿಯ ಯಾವ ದಿನಾಂಕಗಳ ಮೇಲೆ ಪುಟಗಟ್ಟಲೆ ನಿಂತಿದ್ದಾರೆ, ಯಾವುದನ್ನು ಹಾರಿಸಿದ್ದಾರೆ ಎಂದು ಎರಡು ಬಣ್ಣದಲ್ಲಿ ಗುರುತು ಮಾಡಿ. ಹಾರಿಸಿದ ಜಾಗಗಳನ್ನು ನೋಡಿದರೆ ಲೇಖಕರ ಒಲವು ತಿಳಿಯುತ್ತದೆ.

ನೆನಪಿನ ಬರಹಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಂಸ್ಥಾನಗಳ ಸೇರ್ಪಡೆಯಲ್ಲಿ ಸ್ವತಃ ಪಾಲ್ಗೊಂಡವರು, ಮಂತ್ರಿಗಳಾಗಿದ್ದವರು, ಅವರ ಆಪ್ತರು ಹಲವು ವರ್ಷಗಳ ನಂತರ ಬರೆದ ಪುಸ್ತಕಗಳು ಬಹಳ ಆಸಕ್ತಿಯಿಂದ ಓದಿಸಿಕೊಳ್ಳುತ್ತವೆ. ಅವರು ಕಂಡದ್ದನ್ನು ಬೇರೆಯವರು ಹೇಳಲಾರರು ಎಂಬುದು ನಿಜ. ಆದರೆ ಬರೆಯುವ ಹೊತ್ತಿಗೆ ಫಲಿತಾಂಶ ಅವರಿಗೆ ಗೊತ್ತಿತ್ತು, ಆ ಫಲಿತಾಂಶದಲ್ಲಿ ತಮ್ಮ ಪಾಲನ್ನು ಕಾಪಾಡಿಕೊಳ್ಳುವ ಆಸೆಯೂ ಇತ್ತು. ಅಂತಹ ಪುಸ್ತಕದಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಪ್ರತಿ ಸಂಗತಿಯ ಮುಂದೆ ಎರಡು ವರ್ಷಗಳನ್ನು ಬರೆಯಿರಿ: ಘಟನೆ ನಡೆದ ವರ್ಷ, ಅದನ್ನು ಬರೆದ ವರ್ಷ.

ಎರಡು ಪುಸ್ತಕಗಳ ಅಂಕಿಗಳು ಹೊಂದದಿದ್ದರೆ ಒಂದು ಸುಳ್ಳೆಂದು ಕೂಡಲೇ ಹೇಳಬೇಡಿ. ಸಂವಿಧಾನ ರಚನಾ ಸಭೆಯ ಸದಸ್ಯರು 389 ಎಂದು ಒಂದು ಕಡೆ, 299 ಎಂದು ಇನ್ನೊಂದು ಕಡೆ ಇರುತ್ತದೆ. ಮೊದಲನೆಯದು ವಿಭಜನೆಗೆ ಮುಂಚೆ ನಿಗದಿಯಾಗಿದ್ದ ಸಂಖ್ಯೆ, ಎರಡನೆಯದು ವಿಭಜನೆಯ ನಂತರದ್ದು. ದೇಶೀಯ ಸಂಸ್ಥಾನಗಳ ಸಂಖ್ಯೆಯೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ, ಏಕೆಂದರೆ ಚಿಕ್ಕ ಜಹಗೀರುಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವ ಕ್ರಮ ಬೇರೆಬೇರೆ. ಯಾವಾಗಿನ ಎಣಿಕೆ, ಏನನ್ನು ಎಣಿಸಿದ್ದಾರೆ ಎಂದು ಕೇಳಿದರೆ ಬಹಳಷ್ಟು ಜಗಳಗಳು ಅಲ್ಲಿಗೇ ಬಗೆಹರಿಯುತ್ತವೆ.

ಪುಸ್ತಕವನ್ನು ಕೆಳಗಿಡಬೇಕೆಂದು ಹೇಳುವ ಸೂಚನೆಗಳು

ಉದ್ಧರಣೆ ಚಿಹ್ನೆಯೊಳಗೆ ದೊಡ್ಡವರ ಮಾತನ್ನು ಕೊಟ್ಟು, ಅದನ್ನು ಯಾವ ದಿನ ಎಲ್ಲಿ ಹೇಳಿದರು ಎಂದು ತಿಳಿಸದಿರುವುದು ಮೊದಲನೆಯ ಸೂಚನೆ. ಗಾಂಧಿ, ಪಟೇಲ್, ಅಂಬೇಡ್ಕರ್, ನೆಹರೂ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹೋಗುವ ಮಾತುಗಳು ಈಗ ಪುಸ್ತಕಗಳಿಗೂ ನುಗ್ಗಿವೆ. ಸಭೆಯಲ್ಲಿ ಆಡಿದ ಮಾತಾದರೆ ದಿನಾಂಕ ಹಿಡಿದು ಸಂಪುಟ ತೆರೆದರೆ ಹತ್ತು ನಿಮಿಷದಲ್ಲಿ ಸಿಗಬೇಕು. ಸಿಗದಿದ್ದರೆ ಅದನ್ನು ಟಿಪ್ಪಣಿಗೆ ಸೇರಿಸಬೇಡಿ, ಶಾಲೆಯ ಭಾಷಣಕ್ಕಂತೂ ಬರೆದುಕೊಡಲೇಬೇಡಿ.

1949ರ ಪ್ರಸ್ತಾವನೆ ಎಂದು ಹೇಳಿ 1976ರ ಪದಗಳನ್ನು ಸೇರಿಸಿಕೊಟ್ಟಿರುವ ಪುಸ್ತಕ ಮೂಲವನ್ನು ನೋಡದೆ ಬರೆದದ್ದು. ಎಲ್ಲವೂ ಅನಿವಾರ್ಯವಾಗಿತ್ತು ಎಂದು ಮತ್ತೆಮತ್ತೆ ಹೇಳುವ ಪುಸ್ತಕವೂ ಅನುಮಾನಕ್ಕೆ ಅರ್ಹ. 1947ರ ಬೇಸಿಗೆಯಲ್ಲಿ ಹೈದರಾಬಾದ್ ಏನಾಗುತ್ತದೆ, ಗಡಿ ಎಲ್ಲಿ ಬೀಳುತ್ತದೆ ಎಂಬುದು ತೀರ್ಮಾನ ಮಾಡುತ್ತಿದ್ದವರಿಗೇ ಗೊತ್ತಿರಲಿಲ್ಲ. ಒಬ್ಬರನ್ನು ಎತ್ತರಕ್ಕೇರಿಸಲು ಇನ್ನೊಬ್ಬರನ್ನು ಪ್ರತಿ ಅಧ್ಯಾಯದಲ್ಲೂ ಕೆಳಗಿಳಿಸುವ ಪುಸ್ತಕಗಳು ಕನ್ನಡದಲ್ಲೂ ಸಾಕಷ್ಟು ಬಂದಿವೆ. ಅವನ್ನು ಓದಬಾರದೆಂದೇನೂ ಅಲ್ಲ, ಆದರೆ ಅವು 6ನೇ ಹಂತದ ಕೊನೆಗೆ ಬರಬೇಕು.

ಹಂತ 7: ಊರಿನ ದಾಖಲೆ

ಜಿಲ್ಲಾ ಗೆಜೆಟಿಯರಿನ ಇತಿಹಾಸದ ಅಧ್ಯಾಯದಿಂದ ಆರಂಭಿಸಿ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿದು ನಡೆಸಿದ ಅರಣ್ಯ ಸತ್ಯಾಗ್ರಹ, 1942ರಲ್ಲಿ ದಾವಣಗೆರೆಯಲ್ಲಿ ನಡೆದ ಗೋಲಿಬಾರ್, 1947ರ ಮೈಸೂರು ಚಲೋ ಇವುಗಳನ್ನು ಕಾಲಪಟ್ಟಿಗೆ ಬೇರೆ ಬಣ್ಣದಲ್ಲಿ ಸೇರಿಸಿ. ಊರಿನ ಹಿರಿಯರನ್ನು ಮಾತನಾಡಿಸುವಾಗ ‘ಸ್ವಾತಂತ್ರ್ಯ ಬಂದಾಗ ಹೇಗಿತ್ತು’ ಎಂದು ಕೇಳಿದರೆ ಧ್ವಜ, ಮೆರವಣಿಗೆ, ಸಿಹಿ ಎಂಬ ಉತ್ತರ ಬರುತ್ತದೆ. ಮನೆಯಲ್ಲಿ ಮೊದಲು ಮತ ಹಾಕಿದವರು ಯಾರು, ಹೆಂಗಸರು ಹೋಗಿದ್ದರೇ, ಹೊಳೆ ದಾಟುವಾಗ ಸರಕಿಗೆ ಸುಂಕ ಕೊಡಬೇಕಾಗಿತ್ತೇ, ಹೋಟೆಲಿನೊಳಗೆ ಯಾರು ಕೂರುತ್ತಿದ್ದರು ಎಂದು ಕೇಳಿ. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಉಳಿದ ಹಂತಗಳನ್ನು ಮುಂದಿನ ವರ್ಷ ಮಾಡಬಹುದು, ಇದನ್ನು ಮಾತ್ರ ಮುಂದೂಡಬೇಡಿ. ಮೂರನೆಯ ಹಂತ ಮುಗಿದಿದ್ದರೆ ಇದನ್ನು ಅಲ್ಲಿಯೇ ಆರಂಭಿಸಿದರೂ ತಪ್ಪಿಲ್ಲ.

ಹಂತ 8: ಬರೆದು ಪರೀಕ್ಷಿಸಿಕೊಳ್ಳುವುದು

ಪುಸ್ತಕಗಳನ್ನೆಲ್ಲ ಮುಚ್ಚಿಟ್ಟು, 1ನೇ ಹಂತದ ನಾಲ್ಕು ಪ್ರಶ್ನೆಗಳಿಗೆ ತಲಾ ಒಂದು ಪುಟ ಉತ್ತರ ಬರೆಯಿರಿ. ಬರೆಯುವಾಗ ಕೈ ನಿಂತ ಕಡೆ ಚುಕ್ಕೆ ಇಟ್ಟು ಮುಂದೆ ಹೋಗಿ. ಮುಗಿದ ಮೇಲೆ ಚುಕ್ಕೆಗಳನ್ನು ಎಣಿಸಿ ನೋಡಿ. ಹೆಚ್ಚಿನವರಿಗೆ ಚುಕ್ಕೆಗಳು ಬೀಳುವುದು ನಾಲ್ಕನೆಯ ಪ್ರಶ್ನೆಯಲ್ಲಿ. ಸಂವಿಧಾನದ ಆಡಳಿತ ವಿಧಿಗಳಲ್ಲಿ ಬಹುಭಾಗ 1935ರ ಕಾಯ್ದೆಯಿಂದ ಬಂದದ್ದು, ಜಿಲ್ಲಾಧಿಕಾರಿ, ಪೊಲೀಸ್, ನ್ಯಾಯಾಲಯಗಳ ಹಳೆಯ ಕಟ್ಟು ಹಾಗೆಯೇ ಮುಂದುವರಿದದ್ದು ಅವರ ಓದಿನಲ್ಲಿ ಎಲ್ಲಿಯೂ ಎದುರಾಗಿರುವುದಿಲ್ಲ. ಹಾಗಾದರೆ 4ನೇ ಹಂತಕ್ಕೆ ಹಿಂದಿರುಗಿ, 1935ರ ಕಾಯ್ದೆಯ ಅಧಿಕಾರ ಪಟ್ಟಿಗಳನ್ನು 7ನೇ ಅನುಸೂಚಿಯ ಪಕ್ಕದಲ್ಲಿಟ್ಟು ಓದಬೇಕು.

ಬೇರೆ ದೇಶದ ಸ್ಥಾಪನೆಯನ್ನು ಓದುವವರಿಗೂ ಇದೇ ಕ್ರಮ ನಡೆಯುತ್ತದೆ, ಆದರೆ ದಾಖಲೆಯ ಸ್ವರೂಪ ಬೇರೆಯಾಗಿರುತ್ತದೆ. ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ, ಈಗಿನ ಸಂವಿಧಾನದ ಕರಡು ಬರೆದದ್ದು 1787ರಲ್ಲಿ, ಅದರಂತೆ ಸರ್ಕಾರ ನಡೆಯಲಾರಂಭಿಸಿದ್ದು 1789ರಲ್ಲಿ. ಫಿಲಡೆಲ್ಫಿಯಾದ ಆ ಸಭೆ ಬಾಗಿಲು ಮುಚ್ಚಿಕೊಂಡು ನಡೆಯಿತು. ಅಲ್ಲಿ ಕುಳಿತು ಬರೆದುಕೊಂಡ ಮ್ಯಾಡಿಸನ್ ಅವರ ಟಿಪ್ಪಣಿಗಳು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ. ಆದ್ದರಿಂದ ಅಲ್ಲಿ 5ನೇ ಹಂತದಲ್ಲಿ ಓದುವುದು ಒಬ್ಬ ಸದಸ್ಯರು ಬರೆದಿಟ್ಟ ಮಾತುಗಳನ್ನು, ನಮ್ಮಲ್ಲಿ ಓದುವುದು ಶೀಘ್ರಲಿಪಿಕಾರರು ಸಾಲುಸಾಲಾಗಿ ದಾಖಲಿಸಿದ ಕಲಾಪವನ್ನು. ಪಾಕಿಸ್ತಾನದ ವಿಷಯದಲ್ಲಿ ಕಾಲಪಟ್ಟಿಯೇ ಬೇರೆ. ಸಂವಿಧಾನ ರಚನಾ ಸಭೆ 1947ರಲ್ಲಿ ಸೇರಿದರೂ ಮೊದಲ ಸಂವಿಧಾನ ಜಾರಿಗೆ ಬಂದದ್ದು 1956ರಲ್ಲಿ. ಆ ದೇಶದ ಬಗ್ಗೆ ಓದುವವರು ಡೊಮಿನಿಯನ್ ಆಗಿದ್ದ ಒಂಬತ್ತು ವರ್ಷಗಳಿಗೆ ರೂಲು ಪುಸ್ತಕದಲ್ಲಿ ಹೆಚ್ಚು ಪುಟಗಳನ್ನು ಬಿಟ್ಟುಕೊಳ್ಳಬೇಕು.